ಉಚ್ಚೆಂಗಪ್ಪನವರ ಮನೆಯಲ್ಲಿ ಕುಂದ್ರವಲ್ಲದ ದೇವರು

ಮನೆಯಲ್ಲಿ ಗ್ರಾನೈಟ್ ನೆಲ ಇಲ್ಲದಿದ್ದರೆ ಮನುಷ್ಯನಿಗೆ ಏನೂ ಆಗುವುದಿಲ್ಲ. ಷಡ್ಡಕನ ಮನೆಯಲ್ಲಿ ಇದ್ದರೆ ಮಾತ್ರ ಆಗುತ್ತದೆ. ಹೊಸಪೇಟೆಯಲ್ಲಿ ನಮ್ಮ ಎದುರು ಮನೆಯ ಉಚ್ಚೆಂಗಪ್ಪನವರಿಗೆ ತೊಂಬತ್ತೇಳನೇ ಇಸವಿಯಲ್ಲಿ ಆದದ್ದು ಅದೇ.

ಉಚ್ಚೆಂಗಪ್ಪನವರು ಕೆಟ್ಟವರೇನಲ್ಲ. ಎಮ್ಮಿಗನೂರಿನಲ್ಲಿ ಕಾಲುವೆ ನೀರಿನ ಗದ್ದೆ, ವರ್ಷಕ್ಕೆ ಎರಡು ಬೆಳೆ ಭತ್ತ, ಒಬ್ಬಳೇ ಮಗಳು ಪಂಪಾವತಿಯ ಓದಿಗೆಂದು ಹೊಸಪೇಟೆಯಲ್ಲಿ ಕಟ್ಟಿಸಿದ ತಾರಸಿ ಮನೆ. ಮಗಳು ಬಿ.ಎ. ಮುಗಿಸಿದ್ದಳು. ತಾವು ಹತ್ತನೇ ತರಗತಿಯಲ್ಲಿ ಮೂರು ಸಲ ಫೇಲಾಗಿದ್ದರೂ ವಿದ್ಯೆಯ ಮೇಲೆ ಸಿಟ್ಟು ಇಟ್ಟುಕೊಂಡವರಲ್ಲ. ಅವರ ಹೆಂಡತಿ ವಿರುಪಮ್ಮನ ತಂಗಿಯನ್ನು ಕೊಟ್ಟದ್ದು ಕಂಪ್ಲಿಯ ರೈಸ್ ಮಿಲ್ಲಿನ ನಾಗೇಂದ್ರಪ್ಪನಿಗೆ. ಆ ನಾಗೇಂದ್ರಪ್ಪ ಮನೆಗೆಲ್ಲ ಕರೀ ಗ್ರಾನೈಟ್ ಹಾಕಿಸಿ, ನೋಡಲು ಹೋದ ಉಚ್ಚೆಂಗಪ್ಪನವರ ರಟ್ಟೆ ಹಿಡಿದು, "ಹುಷಾರು ಷಡ್ಡಕಪ್ಪಾ, ಜಾರೀರಿ! ನಿಮಗ ಸಿಮೆಂಟ್ ನೆಲದ ರೂಢಿ" ಎಂದುಬಿಟ್ಟ. ಎಲ್ಲರೂ ನಕ್ಕರು. ವಿರುಪಮ್ಮನ ತಂಗಿಯಂತೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಇದಕ್ಕೆ ಉತ್ತರವಾಗಿ ಉಚ್ಚೆಂಗಪ್ಪನವರು ಮಾರ್ಬಲ್ ಹಾಕಿಸಬಹುದಿತ್ತು. ಅದು ಬಿಟ್ಟು ಕಂಪ್ಯೂಟರ್ ತಂದರು.

ತಂದುಕೊಟ್ಟವನು ಬಸ್ ಸ್ಟ್ಯಾಂಡ್ ಹತ್ತಿರ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದ ಜಂಬಯ್ಯ. ಅವನು ತನ್ನ ಬೋರ್ಡಿನಲ್ಲಿದ್ದ 'ಟೈಪಿಂಗ್' ಅಳಿಸಿ 'ಕಂಪ್ಯೂಟರ್' ಎಂದು ಬರೆಸಿದ್ದ. ಅವನ ವಿದ್ಯೆಯಲ್ಲಿ ಆದ ಬದಲಾವಣೆಯೂ ಅಷ್ಟೇ. ಆದರೆ ಬೀದಿಯಲ್ಲಿ ಅದೇ ಮೊದಲ ಕಂಪ್ಯೂಟರು. ಪಡಸಾಲೆಯಲ್ಲಿ ಹೊಸ ಟೇಬಲ್ಲು, ಮೇಲೊಂದು ಕಸೂತಿಯ ಮುಸುಕು, ಮುಸುಕಿನ ಮೇಲೆ ಪ್ಲಾಸ್ಟಿಕ್ ಹೂವಿನ ಹಾರ. ನೋಡಲು ಬಂದವರು ಚಪ್ಪಲಿ ಬಿಡಬೇಕು, ಕೆಮ್ಮಬಾರದು. ಸ್ವಿಚ್ ಹಾಕಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡುತ್ತಿತ್ತು. ಯಾರಾದರೂ "ಮುಂದೇನ್ರಿ?" ಎಂದರೆ ಉಚ್ಚೆಂಗಪ್ಪನವರು, "ಇಷ್ಟಕ್ಕ ಎಷ್ಟು ಕರೆಂಟ್ ತಿಂತೈತಿ ಗೊತ್ತೇನು?" ಎಂದು ಹೆಮ್ಮೆಯಿಂದ ಆರಿಸುತ್ತಿದ್ದರು.

ಹೀಗೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅಷ್ಟರಲ್ಲಿ ಪಂಪಾವತಿಗೆ ಕಂಪ್ಲಿಯಿಂದ ಗಂಡು ಬಂತು.

ಹುಡುಗನ ಹೆಸರು ಹುಲುಗೇಶ. ಪಂಪ್‌ಸೆಟ್ ಅಂಗಡಿ ಇಟ್ಟಿದ್ದ. ಹುಡುಗಿಯನ್ನು ನೋಡಲು ಬಂದ ದಿನ ಚಹಾ ಮುಗಿದ ಮೇಲೂ ಖಾಲಿ ಕಪ್ಪನ್ನೇ ಕುಡಿಯುತ್ತ ಕೂತಿದ್ದ. ಪಂಪಾವತಿಯೂ ಒಳಗೆ ಹೋಗಿ ನೆಲದ ಮೇಲಿಟ್ಟ ಚೊಂಬು ಎಡವಿದಳು. ಇಬ್ಬರಿಗೂ ಒಪ್ಪಿಗೆ ಎನ್ನುವುದು ಬೀದಿಗೆಲ್ಲ ತಿಳಿಯಿತು. ಆದರೆ ಆ ಮನೆಯಲ್ಲಿ ಮಾತು ನಡೆಯುವುದು ಹುಡುಗನ ಅಜ್ಜಿ ತಾಯಕ್ಕನದು. ಊರಿನ ಪಂಚಾಂಗದ ಅಯ್ಯನವರು ಜಾತಕ ಎರಡೂ ಪಕ್ಕಪಕ್ಕ ಇಟ್ಟು, "ಕೂಡಂಗಿಲ್ಲ" ಎಂದು ಕೈ ಝಾಡಿಸಿದ್ದರು. ತಾಯಕ್ಕ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

ಆಗ ಉಚ್ಚೆಂಗಪ್ಪನವರ ಬಾಯಿ ಅವರನ್ನು ಕೇಳದೆ ತೆರೆಯಿತು.

"ತಡೀರಿ ಅವ್ವಾರ. ಅಯ್ಯನೋರಿಗೆ ವಯಸ್ಸಾಗೈತಿ, ಒಂದು ಮನಿ ಆಚೀಚಿ ನೋಡಿರಬೌದು. ನಮ್ಮನ್ಯಾಗ ಕಂಪ್ಯೂಟರ್ ಐತ್ರಿ! ಅದರಾಗ ಜಾತಕ ಹಾಕಿದ್ರ ಕೂದಲೆಳಿಯಷ್ಟೂ ತಪ್ಪಂಗಿಲ್ಲ."

ತಾಯಕ್ಕ ಮುಸುಕು ಹಾಕಿದ ಕಂಪ್ಯೂಟರನ್ನು ದೂರದಿಂದಲೇ ನೋಡಿದಳು. "ಸುಳ್ಳು ಹೇಳಂಗಿಲ್ಲೇನದು?"

"ಅದಕ್ಕ ಬರಂಗ ಇಲ್ರಿ."

"ಹಂಗಂದ್ರ ಬರೋ ಶುಕ್ರವಾರ ಬರ್ತೀನಿ. ಅದು ಹೂಂ ಅಂದ್ರ ಹುಡುಗಿ ನಮ್ಮಾಕಿ. ಊಹೂಂ ಅಂದ್ರ ನಾಗೇಂದ್ರಪ್ಪ ತನ್ನ ಅಣ್ಣನ ಮಗಳ್ನ ತೋರಸ್ತೀನಂದಾನ. ಅಲ್ಲಿ ನೋಡ್ತೀವಿ."

ಪಂಪಾವತಿ ಅಂದು ಈರುಳ್ಳಿ ಇಲ್ಲದೆಯೇ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ವಿರುಪಮ್ಮ ಗಂಡನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಏನು ಹೇಳಿದರೋ ಗೊತ್ತಿಲ್ಲ. ನಮ್ಮ ಮನೆಗೆ "ನಿಮ್ಮ ಬಾಯಿಗೆ ಮಣ್ಣು ಹಾಕ" ಎಂಬಷ್ಟು ಕೇಳಿಸಿತು.

*

ಜಂಬಯ್ಯ ಎಲ್ಲಿಂದಲೋ ಜಾತಕದ ಪ್ರೋಗ್ರಾಂ ಸಂಪಾದಿಸಿದ. ಆರು ಫ್ಲಾಪಿ. ಅಂಗೈ ಅಗಲದ ಕಪ್ಪು ಬಿಲ್ಲೆಗಳು, ಒಂದೊಂದಕ್ಕೂ ಒಂದು ಸಣ್ಣ ತಗಡಿನ ಬಾಗಿಲು, ಮೇಲೆ ಒಂದರಿಂದ ಆರರ ತನಕ ನಂಬರು.

"ಇದನ್ನ ಕಂಪ್ಯೂಟರ್ ಒಳಗ ಕುಂದ್ರಸಬೇಕ್ರಿ," ಎಂದು ಅವನು ವಿವರಿಸಿದ. "ಒಂದಾದ ಮ್ಯಾಲ ಒಂದು ಹಾಕಬೇಕು. ಆರೂ ಕುಂತ್ವು ಅಂದ್ರ ಮುಗೀತು, ಹೆಸರು ನಕ್ಷತ್ರ ಬಡದ್ರ ಫಟ್ ಅಂತ ಹೇಳ್ತೈತಿ. ನಾಳೆ ಮುಂಜಾನೆ ಮಾಡೋಣು. ಅಲ್ಲೀತನಕ ಜ್ವಾಕಿ."

ಜೋಪಾನ ಎಂದರೆ ಆ ಮನೆಯಲ್ಲಿ ಒಂದೇ ಜಾಗ. ಆರೂ ಫ್ಲಾಪಿ ದೇವರ ಮುಂದೆ ಹೋಗಿ ಕೂತವು.

ಮರುದಿನ ಜಂಬಯ್ಯ ಬಂದು ಒಂದನೆಯದು ಹಾಕಿದ. ಕಂಪ್ಯೂಟರು ಗುರ್ರ್ ಎಂದಿತು, ನುಂಗಿತು. ಎರಡು, ಅದೂ ಸರಿ. ಮೂರೂ ಸರಿ. ನಾಲ್ಕನೆಯದು ಹಾಕಿದಾಗ ಗುರ್ರ್, ಗರ್ರ್, ಟಕ್ ಟಕ್ ಎಂದು ಮುದುಕರು ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡಿ ನಿಂತುಬಿಟ್ಟಿತು. ಪರದೆಯ ಮೇಲೆ ಮೂರು ಇಂಗ್ಲಿಷ್ ಶಬ್ದಗಳು ಬಂದವು: ಅಬಾರ್ಟ್, ರಿಟ್ರೈ, ಫೇಲ್.

ಉಚ್ಚೆಂಗಪ್ಪನವರು ಒಂದೊಂದೇ ಅಕ್ಷರ ಕೂಡಿಸಿ ಓದಿ ಬೆವತರು. ಮೊದಲನೆಯ ಶಬ್ದವನ್ನು ಅವರು ಆಸ್ಪತ್ರೆಯ ಗೋಡೆಯ ಮೇಲೆ ಓದಿದ್ದರು. ಮದುವೆ ಮಾತು ನಡೆದ ಮನೆಯಲ್ಲಿ ಬಾಯಿಬಿಟ್ಟು ಹೇಳುವಂಥದ್ದಲ್ಲ. ಕೊನೆಯದರ ಪರಿಚಯ ಅವರಿಗೆ ಚೆನ್ನಾಗಿತ್ತು.

"ಲೇ ಜಂಬಯ್ಯಾ, ಇದಕ್ಕ ಹೆಂಗ ಗೊತ್ತಾತಲೇ ನಾ ಫೇಲಂತ? ಯಾರು ಹೇಳಿದ್ರು?"

"ನಿಮಗಲ್ರಿ ಅದು, ಫ್ಲಾಪಿಗೆ."

"ಫ್ಲಾಪಿ ಯಾವ ಪರೀಕ್ಷಿ ಬರದೈತಿ?"

ಜಂಬಯ್ಯನಿಗೆ ಕ್ಲಾಸಿನ ಹೊತ್ತಾಗಿತ್ತು. "ರಿಟ್ರೈ ಅಂದ್ರ ಮತ್ತ ನೋಡು ಅಂತ. ಆರ್ ಅಕ್ಷರ ಬಡೀತಾ ಇರ್ರಿ, ಒಮ್ಮೊಮ್ಮೆ ತಾನ ಕುಂದರ್ತೈತಿ" ಎಂದು ಹೇಳಿ ಹೊರಟುಹೋದ. ಉಚ್ಚೆಂಗಪ್ಪನವರು ಸ್ನಾನ ಮಾಡಿ ಬಂದು ಆರ್ ಬಡಿಯುತ್ತ ಕೂತರು.

ಇಲ್ಲಿ ನನ್ನ ಪ್ರವೇಶ. ನಾನು ವಿಮೆ ಏಜೆಂಟ. ನಮ್ಮ ಮನೆಯಲ್ಲಿ ಫೋನಿತ್ತು. ಹೀಗಾಗಿ ಇಡೀ ಬೀದಿಗೆ ಅದೇ ಪಿಪಿ ನಂಬರು. ಹೆರಿಗೆ, ಸಾವು, ಭತ್ತದ ದರ ಎಲ್ಲ ನನ್ನ ಕಿವಿಯ ಮೂಲಕವೇ ಬೀದಿಗೆ ಇಳಿಯುತ್ತಿತ್ತು. ಮಧ್ಯಾಹ್ನ ಜಂಬಯ್ಯ ಫೋನ್ ಮಾಡಿ, "ಏಜೆಂಟ್ರ, ಕುಂತಿತೇನು ಕೇಳ್ರಿ" ಎಂದ. ನಾನು ಕಟ್ಟೆಯ ಮೇಲೆ ನಿಂತು ಕೂಗಿದೆ.

"ಉಚ್ಚೆಂಗಪ್ಪಣ್ಣಾ! ಕುಂತಿತೇನು?"

ಅವರು ಒಳಗಿನಿಂದ ಅಳು ದನಿಯಲ್ಲಿ ಕೂಗಿದರು: "ಇಲ್ರೀ ಏಜೆಂಟ್ರ, ಕುಂದ್ರವಲ್ದು! ಮುಂಜಾನಿಂದ ಕೈ ಮುಗ್ಯಾಕತ್ತೀನಿ, ಕುಂದ್ರವಲ್ದು! ಮೂರರ ತನಕ ಬರ್ತೈತಿ, ನಾಕಕ್ಕ ಮುನಿಸ್ಕಂಡು ನಿಲ್ತೈತಿ!"

ನಡುವೆ ಬೀದಿ ನಲ್ಲಿಯಲ್ಲಿ ಹೊಳೆಮ್ಮ ಕೊಡ ತುಂಬಿಸುತ್ತಿದ್ದಳು. ಹೊಳೆಮ್ಮ ಯಾವ ಸುದ್ದಿಯನ್ನೂ ಕೊಡದಲ್ಲಿ ಮುಚ್ಚಿಟ್ಟುಕೊಂಡು ಹೋದವಳಲ್ಲ. ನೀವೇ ಹೇಳಿ, ನಮ್ಮ ಕಡೆ ಕೈಮುಗಿದರೂ ಕುಂದ್ರವಲ್ದು, ಮುನಿಸಿಕೊಂಡು ನಿಲ್ಲುತ್ತದೆ ಎಂದರೆ ಏನರ್ಥ? ಫ್ಲಾಪಿ ಎಂದು ಯಾರಿಗಾದರೂ ಹೊಳೆಯುತ್ತದೆಯೇ? ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು: ಉಚ್ಚೆಂಗಪ್ಪ ಮನೆಗೆ ಹೊಸ ದೇವರು ತಂದಾನ, ಸ್ಥಾಪನೆ ಮಾಡಾಕ ಹೊಂಟಾನ, ದೇವರು ಕುಂದ್ರವಲ್ದು.

*

ಮರುದಿನ ಜಂಬಯ್ಯ ಮೂರು ಕಾರಣ ಹಿಡಿದುಕೊಂಡು ಬಂದ. ಒಂದು, ಫ್ಲಾಪಿಗೆ ತೇವ ಹಿಡಿದಿರಬಹುದು. ಎರಡು, ಬಿಸಿ ಹೆಚ್ಚಾಗಿರಬಹುದು. ಮೂರು, ವೋಲ್ಟೇಜ್ ಇಲ್ಲ. ಮೊದಲ ಎರಡು ಒಂದಕ್ಕೊಂದು ಹೇಗೆ ಹೊಂದುತ್ತವೆ ಎಂದು ನಾನು ಕೇಳಿದ್ದಕ್ಕೆ, "ಏಜೆಂಟ್ರ, ನಿಮ್ಮ ಲೈನ್ ಬ್ಯಾರೆ, ನಮ್ಮ ಲೈನ್ ಬ್ಯಾರೆ" ಎಂದ.

ತೇವ ತೆಗೆಯಲು ವಿರುಪಮ್ಮ ನಾಲ್ಕನೇ ಫ್ಲಾಪಿಯನ್ನು ತಾರಸಿಯ ಮೇಲೆ ಸಂಡಿಗೆಯ ಪಕ್ಕ ಒಣಗಲಿಟ್ಟರು. ಬಿಸಿ ತೆಗೆಯಲು ಮಣ್ಣಿನ ಗಡಿಗೆಯ ಮೇಲೆ ಇಟ್ಟರು. ಎರಡರಿಂದಲೂ ಗುಣ ಕಾಣದೆ ಅಕ್ಕಿ ಡಬ್ಬಿಯಲ್ಲಿ ಹುಗಿದರು. ಉಳಿದದ್ದು ವೋಲ್ಟೇಜು. ಅದಕ್ಕೆ ಉಚ್ಚೆಂಗಪ್ಪನವರು ಮನೆ ಮನೆಗೆ ಹೋಗಿ ಕೈಜೋಡಿಸಿದರು.

"ನಾಳೆ ಮುಂಜಾನೆ ಅರ್ಧ ತಾಸು ಮೋಟರ್, ಮಿಕ್ಸರ್ ಬಂದ್ ಮಾಡ್ರಪಾ. ಮತ್ತೊಮ್ಮೆ ಕುಂದ್ರಸಿ ನೋಡ್ತೀವಿ. ನಮ್ಮ ಹುಡುಗಿ ಮದುವಿ ಇದರ ಮ್ಯಾಲ ನಿಂತೈತಿ."

ಬೀದಿಗೆ ಇನ್ನೇನು ಬೇಕು? ಮರುದಿನ ಯಾರೂ ಮೋಟರ್ ಹಾಕಲಿಲ್ಲ. ಒಲೆಯನ್ನೂ ಹಚ್ಚಲಿಲ್ಲ. ತಲೆಗೆ ನೀರು ಹಾಕಿಕೊಂಡು, ಹೊಸ್ತಿಲು ತೊಳೆದು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತರು. ಒಳಗೆ ಕಂಪ್ಯೂಟರು ಗುರ್ರ್ ಎಂದಾಗ ಹೊರಗೆ ಹೊಳೆಮ್ಮ, "ಮಾತಾಡಾಕತ್ತೈತವ್ವಾ! ಸಿಟ್ಟಿನಾಗ ಐತಿ!" ಎಂದು ಗಲ್ಲ ಬಡಿದುಕೊಂಡಳು. ಟಕ್ ಟಕ್ ಎಂದಾಗ ಇಬ್ಬರು ಅಡ್ಡ ಬಿದ್ದರು.

ಕುಂದ್ರಲಿಲ್ಲ.

ಅಂದೇ ಪೊಲೀಸ್ ಹುಸೇನಪ್ಪ ಬಂದ. ಹಂಪಿಯ ಸುತ್ತಿನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಳೆ ತೋಟದಲ್ಲಿ ಗುದ್ದಲಿ ಹಾಕಿದರೆ ಒಂದು ಮೂರ್ತಿ ಏಳುವ ಸೀಮೆ. ಎದ್ದ ಮೂರ್ತಿ ಸರ್ಕಾರದ್ದು, ಮನೆಗೆ ತಂದವನು ಕಳ್ಳ. ಹುಸೇನಪ್ಪ ಟೋಪಿ ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿಗಳ ರಾಶಿಯ ಪಕ್ಕ ತನ್ನ ಬೂಟನ್ನೂ ಬಿಟ್ಟು ಒಳಗೆ ಬಂದ.

"ಎಲ್ಲಿಂದ ತಂದ್ರಿ?"

"ಬಸ್ ಸ್ಟ್ಯಾಂಡ್ ಹತ್ರದಿಂದ್ರಿ," ಎಂದರು ಉಚ್ಚೆಂಗಪ್ಪನವರು.

"ಬಸ್ ಸ್ಟ್ಯಾಂಡ್‌ನಾಗ ಕೈ ಬದಲಾಗೈತಿ ಅನ್ನ್ರಿ. ಅಲ್ಲಿಗೆ ಎಲ್ಲಿಂದ ಬಂತು?"

"ಬೆಂಗಳೂರಿಂದ ಅಂತ್ರಿ. ಅದಕ್ಕೂ ಮೊದಲು ಫಾರಿನ್."

"ಫಾರಿನ್ನಿಗೆ ಹೋಗಿ ವಾಪಸ್ ಬಂದೈತಾ!" ಹುಸೇನಪ್ಪನಿಗೆ ಇಂಥ ದೊಡ್ಡ ಕೇಸು ಜನ್ಮದಲ್ಲಿ ಸಿಕ್ಕಿರಲಿಲ್ಲ. "ಎಷ್ಟು ಎತ್ತರ? ಕಲ್ಲಿಂದೋ, ಪಂಚಲೋಹದ್ದೋ?"

"ಪ್ಲಾಸ್ಟಿಕ್ಕಿಂದ್ರಿ."

ಹುಸೇನಪ್ಪ ಮುಸುಕು ಎತ್ತಿ ನೋಡಿದ. ಕಂಪ್ಯೂಟರಿನ ಹಣೆಗೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮದ ಬೊಟ್ಟು. ಅವನ ಮುಖ ಇಳಿಯಿತು. ಆದರೆ ಬಂದ ದಾರಿಗೆ ಸುಂಕ ಬೇಡವೇ? ಮಗಳ ಮದುವೆಯ ಕಥೆಯೆಲ್ಲ ಕೇಳಿ, ಚಹಾ ಕುಡಿದು, ಅವನೂ ಕೆಲಸಕ್ಕೆ ಕೈ ಹಾಕಿದ.

"ಕುಂದ್ರವಲ್ದಾ? ಸ್ಟೇಶನ್ನಾಗ ಎಂಥೆಂಥವರ್ನ ಕುಂದ್ರಿಸೀನಿ ನಾನು!" ಎಂದು ಪೆಟ್ಟಿಗೆಯ ಬೆನ್ನಿಗೆ ಒಂದು ಕೊಟ್ಟ. ನಾಲ್ಕನೇ ಫ್ಲಾಪಿ ಚಿಮ್ಮಿ ಹೊರಗೆ ಬಿತ್ತು.

ಜಂಬಯ್ಯ ಅದನ್ನು ಎತ್ತಿಕೊಂಡು, ಬಿದ್ದ ಏಟಿಗೆ ಏನಾದರೂ ಆಯಿತೇ ಎಂದು ತಗಡಿನ ಬಾಗಿಲು ಸರಿಸಿ ಒಳಗೆ ನೋಡಿದ. ನೋಡಿದವನು ಹಾಗೇ ನೆಲದ ಮೇಲೆ ಕೂತ.

"ಉಚ್ಚೆಂಗಪ್ಪಣ್ಣಾ, ಒಳಗ ಕೆಂಪಗೈತಿ."

"ರಕ್ತಾನಾ?" ಎಂದ ಹುಸೇನಪ್ಪ.

"ಕುಂಕುಮ!"

ಎಲ್ಲರೂ ವಿರುಪಮ್ಮನ ಕಡೆ ತಿರುಗಿದರು. ವಿರುಪಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡರು. "ಹೂಂ, ನಾನ ಹಚ್ಚೀನಿ. ಹೊಸಾ ವಸ್ತು ಮನಿಗೆ ಬಂದ್ರ ಬರಿಗೈಲೆ ಒಳಗ ಕರಕೊಳ್ಳಾಕಾಗ್ತೈತೇನು? ಉಳದವಕ್ಕ ಮ್ಯಾಲಷ್ಟ ಹಚ್ಚಿದೆ. ಇದರ ಬಾಗ್ಲ ತಾನಾಗೇ ತೆರೀತು. ದೇವರ ಮನಸ್ಸು ಹಂಗೈತಿ ಅಂತ ಒಳಗೂ ಹಚ್ಚಿದೆ, ಅರಿಶಿಣನೂ ಹಚ್ಚಿದೆ. ತಪ್ಪೇನೈತಿ?"

ತಪ್ಪು ಎನ್ನುವ ಧೈರ್ಯ ಹುಸೇನಪ್ಪನಿಗೂ ಇರಲಿಲ್ಲ. ಜಂಬಯ್ಯ ಮಾತ್ರ ಬೇರೆ ಫ್ಲಾಪಿ ಬೆಂಗಳೂರಿನಿಂದ ತರಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದ. ನಾಳೆಯೇ ಶುಕ್ರವಾರ.

ಉಚ್ಚೆಂಗಪ್ಪನವರು ನಮ್ಮ ಮನೆಗೆ ಬಂದು ಕಂಪ್ಲಿಗೆ ಒಂದು ಫೋನ್ ಹಚ್ಚಿ ಕೊಡಿ, ಶುಕ್ರವಾರ ಬರಬೇಡಿ ಎಂದು ಹೇಳುತ್ತೇನೆ ಎಂದರು. ಕೈಯಲ್ಲಿ ರಿಸೀವರ್ ಹಿಡಿದರು, ಇಟ್ಟರು. ಹೇಳಿದರೆ ಗಂಡು ಕೈತಪ್ಪಿದಂತೆ. ಹೇಳದಿದ್ದರೆ ಮಾನ ಹೋದಂತೆ. "ಏಜೆಂಟ್ರ, ನಿಮ್ಮ ವಿಮಾದಾಗ ಇದಕ್ಕೇನಾರ ಐತೇನ್ರೀ?" ಎಂದು ಕೇಳಿದರು. ಮೊದಲ ಸಲ ನನಗೆ ನನ್ನ ಉದ್ಯೋಗದ ಬಗ್ಗೆ ಬೇಜಾರಾಯಿತು.

*

ಶುಕ್ರವಾರ ತಾಯಕ್ಕ ಕಂಪ್ಲಿಯಿಂದ ಜೀಪಿನಲ್ಲಿ ಬಂದಳು. ಪಕ್ಕದಲ್ಲಿ ಹುಲುಗೇಶ, ಹಿಂದೆ ನಾಗೇಂದ್ರಪ್ಪ. ಷಡ್ಡಕನ ಮಾನ ಹೋಗುವುದನ್ನು ನೋಡಲು ಅವನು ಮಿಲ್ಲಿಗೆ ಬೀಗ ಹಾಕಿ ಬಂದಿದ್ದ.

ಬಾಗಿಲಲ್ಲಿ ಜನವೋ ಜನ. ಹುಸೇನಪ್ಪ ಸಾಲು ನಿಲ್ಲಿಸುತ್ತಿದ್ದ. ತಾಯಕ್ಕ ಜೀಪಿನಿಂದ ಇಳಿದವಳೇ, "ಏನವ್ವಾ ಇದು?" ಎಂದಳು. ಕೇಳಿದ್ದು ಹೊಳೆಮ್ಮನನ್ನು.

"ನಿಮಗ ಗೊತ್ತಿಲ್ಲೇನಮ್ಮಾ? ಭಾಳ ಸತ್ಯುಳ್ಳ ದೇವ್ರು. ಮೂರು ದಿನಾತು, ಯಾರ ಮಾತಿಗೂ ಕುಂದ್ರವಲ್ದು. ಪೊಲೀಸ್ನೋರು ಮುಟ್ಟಿದ್ರ ಕುಂಕುಮ ಉಗುಳಿತು!"

ತಾಯಕ್ಕ ಅಲ್ಲೇ ಕಾಲು ತೊಳೆದುಕೊಂಡಳು.

ಒಳಗೆ ಉಚ್ಚೆಂಗಪ್ಪನವರು ರಾತ್ರಿಯೆಲ್ಲ ಬಾಯಿಪಾಠ ಮಾಡಿದ ಮಾತು ಶುರುಮಾಡಿದರು. "ಅವ್ವಾರ, ನಿಮ್ಮ ಪಾದಕ್ಕ ಬೀಳ್ತೀನಿ, ಜಾತಕದ್ದು ಆಗವಲ್ದು, ನಾಕನೇದು..."

"ಜಾತಕ ಗೀತಕ ಇರ್ಲಿ ಸುಮ್ನಿರಪ್ಪಾ," ಎಂದಳು ತಾಯಕ್ಕ, ಕಂಪ್ಯೂಟರಿಗೆ ಕೈಮುಗಿಯುತ್ತ. "ಇಂಥಾ ಸತ್ಯುಳ್ಳ ದೇವ್ರನ್ನ ಮನ್ಯಾಗ ಇಟ್ಕಂಡು ಅಯ್ಯನೋರ ಕಾಗದ ಯಾಕ ಬೇಕು? ಹೂ ಕೇಳೋಣು."

ಹೂ ಕೇಳುವುದೆಂದರೆ ನಮ್ಮಲ್ಲಿ ಹೈಕೋರ್ಟ್ ಇದ್ದಂತೆ. ದೇವರ ಮೈಮೇಲೆ ಒದ್ದೆ ಹೂ ಅಂಟಿಸಿ ಕಾಯುವುದು. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಮೇಲೆ ಅಪೀಲು ಇಲ್ಲ. ತಾಯಕ್ಕ ಒಂದು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ಕಂಪ್ಯೂಟರಿನ ಹಣೆಗೆ, ಕುಂಕುಮದ ಮೇಲೆಯೇ ಅಂಟಿಸಿದಳು.

"ಯಪ್ಪಾ ನಮ್ಮಪ್ಪಾ, ಈ ಹುಡುಗಿ ನಮ್ಮನಿ ಸೊಸಿ ಆಗೋದಿದ್ರ ಬಲಕ್ಕ ಕೊಡು. ಇಲ್ಲಂದ್ರ ಎಡಕ್ಕ ಕೊಡು. ಮುಚ್ಚುಮರಿ ಮಾಡಬ್ಯಾಡ."

ಪಂಪಾವತಿ ಬಾಗಿಲ ಸಂದಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ಹುಲುಗೇಶ ಕೈಯಲ್ಲಿದ್ದ ಕರವಸ್ತ್ರ ಹಿಂಡುತ್ತಿದ್ದ. ಹೂ ಅಲ್ಲಾಡಲಿಲ್ಲ. ಆ ಗಾಬರಿಯಲ್ಲಿ ಜಂಬಯ್ಯ, ತನ್ನದೂ ಒಂದು ಪ್ರಯತ್ನ ಇರಲಿ ಎಂದೋ ಏನೋ, ಒರೆಸಿ ತಂದಿದ್ದ ನಾಲ್ಕನೇ ಫ್ಲಾಪಿಯನ್ನು ತುರುಕಿ ಆರ್ ಬಡಿದ. ಗುರ್ರ್, ಗರ್ರ್, ಟಕ್ ಟಕ್! ಟೇಬಲ್ಲು ನಡುಗಿತು. ಹೂ ಜಾರಿತು, ನಿಂತಿತು, ಮತ್ತೆ ಜಾರಿತು, ನೋಡನೋಡುತ್ತಿದ್ದಂತೆ ನಮ್ಮ ಎಡಗಡೆಗೆ ಪಟ್ಟನೆ ಬಿತ್ತು.

"ಎಡಕ್ಕ!" ನಾಗೇಂದ್ರಪ್ಪ ಚಪ್ಪಾಳೆ ಹೊಡೆದೇಬಿಟ್ಟ. "ಆತಲ್ಲಾ! ಎಡಕ್ಕ ಬಿತ್ತು. ನಡೀರಿ ಅವ್ವಾರ, ಜೀಪ್ ಬಿಸಿಲಾಗ ನಿಂತೈತಿ."

ವಿರುಪಮ್ಮ ಗೋಡೆಗೆ ಒರಗಿದರು. ಬಾಗಿಲ ಸಂದಿಯಲ್ಲಿ ಬಿಕ್ಕುವ ಸದ್ದು ಕೇಳಿತು. ಉಚ್ಚೆಂಗಪ್ಪನವರು ಬಿದ್ದ ಹೂವನ್ನೇ ನೋಡುತ್ತ ನಿಂತಿದ್ದರು. ಇಪ್ಪತ್ತು ವರ್ಷದ ಹುಡುಗಿಯ ಬಾಳನ್ನು ಒಂದು ತಗಡಿನ ಪೆಟ್ಟಿಗೆ ಕೊಡವಿ ಹಾಕಿತಲ್ಲ!

"ಎಡ ಯಾರದು?" ಎಂದ ಹುಸೇನಪ್ಪ.

"ಯಾರದಂದ್ರ?" ನಾಗೇಂದ್ರಪ್ಪ ಅವನ ಕಡೆ ತಿರುಗಿದ. "ಎಡ ಅಂದ್ರ ಎಡ."

"ಹಂಗಲ್ರಿ ಸಾವ್ಕಾರ್ರ. ಬರ್ರಿ ಇಲ್ಲಿ, ನನ್ನ ಎದುರಿಗೆ ನಿಂದರ್ರಿ. ನಾ ಸಾಹೇಬ್ರಿಗೆ ಸೆಲ್ಯೂಟ್ ಹೊಡೀತೀನಿ ಅನ್ನ್ರಿ." ಅವನು ಹಿಮ್ಮಡಿ ಕೂಡಿಸಿ ಠಕ್ಕನೆ ಸೆಲ್ಯೂಟ್ ಹೊಡೆದ. "ಹೊಡದದ್ದು ಬಲಗೈ. ನಿಮಗ ಯಾವ ಕಡೆ ಕಾಣಸ್ತು? ಎಡಗಡೆ! ಹಂಗಂತ ನಾ ಎಡಗೈಲೆ ಸೆಲ್ಯೂಟ್ ಹೊಡದ್ರ ನನ್ನ ನೌಕ್ರಿ ಉಳೀತೈತೇನು?"

ಪಡಸಾಲೆಯಲ್ಲಿದ್ದವರೆಲ್ಲ ಒಬ್ಬರಿಗೊಬ್ಬರು ಸೆಲ್ಯೂಟ್ ಹೊಡೆದು ನೋಡಿದರು. ಮಾತು ಬರಾಬರ್ ಇತ್ತು.

ನಾಗೇಂದ್ರಪ್ಪ ಸೋಲುವ ಆಸಾಮಿಯಲ್ಲ. "ಅದು ಮಾರಿ ಇದ್ದವರಿಗೆ. ಈ ಡಬ್ಬಿಗೆ ಮಾರಿ ಯಾವ ಕಡೆ, ಬೆನ್ನು ಯಾವ ಕಡೆ, ಯಾರು ಕಂಡಾರ? ವೈರ್ ಎಲ್ಲಾ ಹಿಂದೈತಿ. ಅದ ಮಾರಿ ಯಾಕಿರಬಾರದು?"

"ವೈರ್ ಇರೋದು ಬಾಲ್ರಿ," ಎಂದ ಜಂಬಯ್ಯ. ಅವನ ಬಾಯಿಂದ ಆ ವಾರ ಬಂದ ಮೊದಲ ಪ್ರಯೋಜನದ ಮಾತು ಅದು.

"ಬಾಲ ಇದ್ದಲ್ಲಿ ಮಾರಿ ಹೆಂಗಿರ್ತೈತಪ್ಪಾ ನಾಗೇಂದ್ರಪ್ಪ?" ತಾಯಕ್ಕ ಎದ್ದು ನಿಂತಳು. "ನನ್ನ ಆಯುಷ್ಯದಾಗ ಎಷ್ಟು ದೇವ್ರ ಹತ್ರ ಹೂ ಕೇಳೀನಿ. ಬಲ ಅಂದ್ರ ದೇವ್ರ ಬಲ. ಕೇಳೋರ ಬಲ ಅಲ್ಲ. ನಮ್ಮ ಕಡೆ ಮಾರಿ ಮಾಡಿ ಕುಂತೈತಿ, ತನ್ನ ಬಲಕ್ಕ ಕೊಟ್ಟೈತಿ. ಸಕ್ಕರಿ ತರ್ರಿ!"

ಹುಲುಗೇಶ ಹಿಂಡಿದ ಕರವಸ್ತ್ರದಲ್ಲೇ ಮುಖ ಒರೆಸಿಕೊಂಡ. ಒಳಗೆ ಮತ್ತೊಂದು ಚೊಂಬು ಉರುಳಿತು.

*

ಮದುವೆ ಹೊಸಪೇಟೆಯಲ್ಲಿಯೇ. ಕಂಪ್ಲಿಯವರು ಎರಡು ಲಾರಿಯಲ್ಲಿ ಬಂದರು. ನಾಗೇಂದ್ರಪ್ಪನೂ ಬಂದ, ಬರದಿದ್ದರೆ ಹೆಂಡತಿ ಬಿಡಬೇಕಲ್ಲ. ಅಕ್ಕಿಕಾಳು ಹಂಚಿಯಾಗಿತ್ತು. ಹುಡುಗ ಹುಡುಗಿ ಬಾಸಿಂಗ ಕಟ್ಟಿಕೊಂಡು ನಿಂತಿದ್ದರು, ನಡುವೆ ಅಂತರಪಟ. ತಾಳಿ ತಟ್ಟೆಯಲ್ಲಿ ಎಲ್ಲರ ಕೈ ಮುಟ್ಟಿಸಿಕೊಂಡು ಬರುತ್ತಿತ್ತು. ಅಷ್ಟರಲ್ಲಿ ಚಪ್ಪರದ ಬಾಗಿಲಲ್ಲಿ ಸೈಕಲ್ ಬಿದ್ದ ಸದ್ದಾಯಿತು.

"ಸಿಕ್ತು! ಉಚ್ಚೆಂಗಪ್ಪಣ್ಣಾ, ಸಿಕ್ತು! ನಾಕನೇದು ಸಿಕ್ತು!" ಜಂಬಯ್ಯ ಫ್ಲಾಪಿ ಎತ್ತಿ ಹಿಡಿದು ಜನರ ನಡುವೆ ನುಗ್ಗಿ ಬಂದ. "ಇವತ್ತ ಬೆಂಗಳೂರಿಂದ ಬಂತ್ರಿ! ಮುಂಜಾನೆ ನಮ್ಮ ಅಂಗಡ್ಯಾಗ ಹಾಕಿ ನೋಡೀನಿ, ಬೆಣ್ಣಿ ಹಂಗ ಕುಂದರ್ತೈತಿ. ಹತ್ತು ನಿಮಿಷ ನಿಲ್ಲಿಸ್ರಿ, ಜಾತಕ ಹಾಕಿ ಕೂಡ್ತೈತೋ ಇಲ್ಲೋ ನೋಡಿಬಿಡೋಣು!"

ವಾಲಗ ನಿಂತಿತು. ತಾಯಕ್ಕ ಕತ್ತು ಹೊರಳಿಸಿ, "ಏನಂತಾನವ ಹುಡುಗ? ಇನ್ನೂ ಕೂಡಿಲ್ಲೇನು?" ಎಂದಳು.

ನಾಗೇಂದ್ರಪ್ಪನಿಗೆ ಜೀವ ಬಂತು. "ನೋಡಬೇಕ್ರಿ ಮತ್ತ! ಅಷ್ಟು ದೊಡ್ಡ ಮಷಿನ್ ತಂದಾರ ನಮ್ಮ ಷಡ್ಡಕಪ್ಪ. ನಡಸಾಕ ಬರ್ತೈತೋ ಇಲ್ಲೋ, ಊರೆಲ್ಲ ನೋಡ್ಲಿ. ಬರಂಗಿಲ್ಲಂದ್ರ ಬರಂಗಿಲ್ಲ ಅಂತ ಹೇಳಿಬಿಡ್ರಿ, ಮುಗೀತು!"

ಉಚ್ಚೆಂಗಪ್ಪನವರ ಕಿವಿ ಕೆಂಪಾದವು. ಅವರನ್ನು ಬಲ್ಲ ನಾನು ಕಣ್ಣು ಮುಚ್ಚಿಕೊಂಡೆ. ಈ ಮನುಷ್ಯ ಈಗ ಚಪ್ಪರ ಬಿಟ್ಟು ಓಡಿ ಹೋಗಿ ಕಂಪ್ಯೂಟರ್ ಹಚ್ಚುತ್ತಾನೆ, ಊರ ಮುಂದೆ ತನ್ನ ಹಟ ಗೆಲ್ಲುತ್ತಾನೆ, ಆ ಪೆಟ್ಟಿಗೆ 'ಕೂಡಂಗಿಲ್ಲ' ಎಂದು ಮಗಳ ಕೊರಳಿನ ತನಕ ಬಂದ ತಾಳಿಯನ್ನು ತಟ್ಟೆಗೆ ವಾಪಸ್ ಕಳಿಸುತ್ತದೆ. ಅವರ ಕೈ ಫ್ಲಾಪಿಯ ಕಡೆ ಚಾಚಿಯೂ ಆಗಿತ್ತು. ಅಂತರಪಟದ ಮೇಲಿನಿಂದ ಪಂಪಾವತಿ ಅಪ್ಪನನ್ನೇ ನೋಡುತ್ತಿದ್ದಳು.

ಉಚ್ಚೆಂಗಪ್ಪನವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಬರಂಗಿಲ್ಲ," ಎಂದರು.

"ಏನಂದ್ರಿ?" ನಾಗೇಂದ್ರಪ್ಪ ಕಿವಿಗೆ ಕೈ ಹಚ್ಚಿದ.

"ನನಗ ಕಂಪ್ಯೂಟರ್ ನಡಸಾಕ ಬರಂಗಿಲ್ಲ! ತಂದ ದಿನದಿಂದ ಬಂದಿಲ್ಲ! ಅದರಾಗಿನ ಅಕ್ಷರನೂ ನನಗ ನೆಟ್ಟಗ ಓದಾಕ ಬರಂಗಿಲ್ಲ. ನೀ ಗ್ರಾನೈಟ್ ಹಾಕಿಸ್ದಿ ಅಂತ ಹೊಟ್ಟಿಕಿಚ್ಚಿಗೆ ತಂದೆ. ಸಾಕೇನು? ಎಲ್ಲಾರೂ ಕೇಳಿದ್ರಲ್ಲಾ? ಹಿಂದಿರೋರಿಗೆ ಕೇಳಿಲ್ಲಂದ್ರ ಮೈಕಿನಾಗ ಹೇಳ್ತೀನಿ. ಏ ವಾಲಗದೋರ, ಯಾಕ ನಿಂತೀರಿ? ಬಾರಸ್ರಿ!"

ಇಡೀ ಚಪ್ಪರ ಬಿದ್ದು ಬಿದ್ದು ನಕ್ಕಿತು. ಉಚ್ಚೆಂಗಪ್ಪನವರೂ ನಕ್ಕರು. ವಿರುಪಮ್ಮ ನಗಲಿಲ್ಲ. ಗಂಡನ ಮುಖವನ್ನು ಹೊಸದಾಗಿ ನೋಡಿದವರಂತೆ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ವಾಲಗ ಗಟ್ಟಿಯಾಗಿ ಎದ್ದಿತು, ಹುಲುಗೇಶ ಇನ್ಯಾರಾದರೂ ಬಂದಾರು ಎಂಬ ಭಯಕ್ಕೆ ಗಬಗಬನೆ ತಾಳಿ ಕಟ್ಟಿದ, ಅಕ್ಕಿಕಾಳು ಬಿದ್ದವು.

ಜಂಬಯ್ಯ ಫ್ಲಾಪಿ ಹಿಡಿದುಕೊಂಡು ಪೆಚ್ಚಾಗಿ ನಿಂತೇ ಇದ್ದ. "ಹಂಗಂದ್ರ ಇದನ್ನೇನ್ ಮಾಡ್ಲಿ ಅಣ್ಣಾ? ಕುಂದ್ರಸಬೇಕಲ್ಲ?"

ಉಚ್ಚೆಂಗಪ್ಪನವರು ಅವನ ಹೆಗಲ ಮೇಲೆ ಕೈ ಹಾಕಿ ಊಟದ ಪಂಕ್ತಿಯ ಕಡೆ ನಡೆಸಿಕೊಂಡು ಹೋದರು. "ಅದು ನಿಂತಿರ್ಲಿ ಬಿಡು. ಹೋಳಿಗಿ ಬಿಸಿ ಐತಿ, ಮೊದ್ಲು ನೀ ಕುಂದ್ರು."

ಜಂಬಯ್ಯ ಒಂದೇ ಮಾತಿಗೆ ಕುಂತ.